ಬೀಗ ಒಡೆದಿಲ್ಲವಂತೆ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಬಿಪಿ ಗುಳಿಗೆ ನುಂಗಿದೆ. ಅಂಗಡಿಯಲ್ಲಿ ಗಿರಾಕಿ ಕಮ್ಮಿ. ಎರಡು ಸ್ಕೂಟರ್ ಕೀ, ಒಂದು ಬೀರುವಿನದು. ಬೀರುವಿನ ಅಜ್ಜಿಗೆ ಹೊಸ ಕೀ ಕೈಗಿಟ್ಟ ಮೇಲೆ ಹಳೆಯದು ಚೀಲದಲ್ಲೇ ಸಿಕ್ಕಿತು. ಇಬ್ಬರೂ ನಕ್ಕೆವು.

ಸಂಜೆ ಬಂದರೆ ಮೆಟ್ಟಿಲ ತುಂಬ ಜನ. ಮೇಲಿನ ಮನೆ ಗಂಡ ಹೆಂಡತಿ ಕೆಲಸಕ್ಕೆ ಹೋದಾಗ ಯಾರೋ ನುಗ್ಗಿದ್ದಾರೆ. ಬಂಗಾರ ಹೋಗಿದೆ. ಎಲ್ಲರ ಬಾಯಲ್ಲೂ ಒಂದೇ ಮಾತು — ಬೀಗ ಒಡೆದಿಲ್ಲವಂತೆ. ನಾನೂ ಅಯ್ಯೋ ಪಾಪ ಅಂದೆ. ಮಾತು ನಿಂತಿತು. ನೋಡಿದರೆ ಅಷ್ಟೂ ಜನರ ಕಣ್ಣು ನನ್ನ ಟೂಲ್ ಬ್ಯಾಗಿನ ಮೇಲೆ.

ಮಾರ್ಚ್ 5

ಪೊಲೀಸರು ಕರೆದು ಕೇಳಿದರು. ಆ ದಿನ ಪೂರ್ತಿ ಅಂಗಡಿಯಲ್ಲಿದ್ದೆ, ಪಕ್ಕದ ಸೈಕಲ್ ಶಾಪಿನವನೇ ಸಾಕ್ಷಿ. ಅವರಿಗೆ ಅಷ್ಟು ಸಾಕಾಯಿತು. ನಮ್ಮ ಬಿಲ್ಡಿಂಗಿಗೆ ಸಾಲಲಿಲ್ಲ.

ಎದುರು ಮನೆ ಟೀಚರಮ್ಮ — ಹೆಂಗಸರಿಗೆ ಕಾರು ಕಲಿಸುತ್ತಾರೆ — ತಾವಾಗಿಯೇ ನಿಲ್ಲಿಸಿ ಹೇಳಿದರು, "ನನಗಂತೂ ನಿಮ್ಮ ಮೇಲೆ ಅನುಮಾನ ಇಲ್ಲಪ್ಪ." ಕೇಳಿದ್ದು ಯಾರು? ದಿನಾ ಓದಿದ ಮೇಲೆ ಪೇಪರ್ ನನ್ನ ಬಾಗಿಲಿಗೆ ಸಿಕ್ಕಿಸುತ್ತಿದ್ದರು. ಇವತ್ತು ಪೇಪರ್ ಇಲ್ಲ.

ಮಾರ್ಚ್ 9, ಭಾನುವಾರ

ಬೆಳಿಗ್ಗೆಯಿಂದ ಡ್ರಿಲ್ ಸದ್ದು. ಊರ ಆ ಕಡೆಯಿಂದ ಬೇರೆ ಬೀಗದವನನ್ನು ಕರೆಸಿದ್ದಾರೆ. ಮನೆ ಮನೆಗೂ ಹೊಸ ಬೀಗ. ಸ್ಕ್ರೂ ಎಲ್ಲ ಸೊಟ್ಟ ಕೂರಿಸಿದ್ದಾನೆ. ಹೇಳೋಣ ಅಂದರೆ... ಯಾವ ಬಾಯಲ್ಲಿ ಹೇಳಲಿ.

ಗೇಟಿಗೂ ಹೊಸ ಬೀಗ. ಇನ್ನು ಹಗಲೂ ಹಾಕಿಯೇ ಇರುತ್ತಾರಂತೆ. ಬಿಲ್ಡಿಂಗ್ ಸೆಕ್ರೆಟರಿ ಒಂದೊಂದು ಮನೆಗೆ ಒಂದೊಂದು ಕೀ ಹಂಚಿದರು. ನಾನೂ ಕೈ ಚಾಚಿದೆ.

"ನಿಮಗ್ಯಾಕೆ ಸಾರ್ ಕೀ?"

ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ತಮಾಷೆ ಅಂದುಕೊಂಡಿದ್ದೆ. ಕೊಡಲೇ ಇಲ್ಲ.

ಮಾರ್ಚ್ 12

ಗೇಟಿನ ಹೊರಗೆ ನಿಂತಿದ್ದೆ. ಆ ಬೀಗ ನನಗೆ ಕಣ್ಣು ಮುಚ್ಚಿ ತೆಗೆಯುವಂಥದ್ದು. ತೆಗೆದೆನೋ, ಮುಗಿಯಿತು — ಅದಕ್ಕಿಂತ ಬೇರೆ ಸಾಕ್ಷಿ ಬೇಕೇ ಅವರಿಗೆ. ಫೋನಿನಲ್ಲಿ ಮಾತಾಡುವವನ ಹಾಗೆ ನಟಿಸುತ್ತಾ, ಯಾರಾದರೂ ಬರಲಿ ಅಂತ ಕಾದೆ. ಮೇಲೆ ಕಿಟಕಿಯ ಪರದೆ ಸರಿಯಿತು. ನನ್ನ ಕೈಯನ್ನೇ ನೋಡುತ್ತಿದ್ದಾರೆ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಎದೆ ಡವಡವ. ಎಡಗೈ ಭಾರ. ಹೆದರಿಕೆಗೆ ಇರಬೇಕು.

ಮಾರ್ಚ್ 20

ಆಸ್ಪತ್ರೆಯಿಂದ ನಿನ್ನೆ ಬಂದೆ. ಹೆದರಿಕೆ ಒಂದೇ ಅಲ್ಲ, ಹಾರ್ಟ್ ಅಟ್ಯಾಕ್. ಗೇಟಿನ ಮಾರನೇ ದಿನ ಅಂಗಡಿಯಲ್ಲೇ ಕುಸಿದಿದ್ದೆ. ಸೈಕಲ್ ಶಾಪಿನವನು ಆಟೋಗೆ ಹಾಕಿಕೊಂಡು ಹೋದನಂತೆ. ಸ್ಟೆಂಟ್ ಹಾಕಿದ್ದಾರೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಉಪ್ಪು, ಬೀಡಿ, ನಿದ್ದೆ ಎಲ್ಲ ಕೇಳಿದ ಮೇಲೆ, "ಅಕ್ಕಪಕ್ಕ ಯಾರಿದಾರೆ?" ಅಂದರು.

"ಎಂಟು ಮನೆ ಇದೆ ಮೇಡಂ."

"ಮನೆ ಕೇಳಲಿಲ್ಲ. ಜನ?"

ಹೊದಿಕೆಯ ಅಂಚು ಮಡಿಸುತ್ತಾ ಕೂತೆ. ಅವರಿಗೆ ಅರ್ಥವಾಯಿತು.

"ನೋಡಿ, ದಿನಾ ಹೀಗೆ ಬಿಗಿ ಹಿಡ್ಕೊಂಡಿದ್ರೆ ಹಾರ್ಟ್ ತಡ್ಕೊಳಲ್ಲ. ಅಂಗಡೀಲಿ ಪಕ್ಕದವರಿದ್ರು, ಉಳ್ಕೊಂಡ್ರಿ. ಮನೇಲಿ ಆಗಿದ್ರೆ? ಗುಳಿಗೆ ನಾನು ಬರ್ಕೊಡ್ತೀನಿ. ನೆರೆಹೊರೆ ಬರ್ಕೊಡೋಕಾಗಲ್ಲ. ಎದುರು ಮನೇಲಿ ಒಂದು ಕೀ ಕೊಟ್ಟಿರಿ. ಒಳಗಿಂದ ಚಿಲಕ ಹಾಕ್ಬೇಡಿ."

ಹೆದರಿ ನಾನು ಒಳಗೆ ಹೊಸ ಚಿಲಕ ಹೊಡೆದದ್ದು ಅವರಿಗೆ ಹೇಗೆ ಗೊತ್ತು?

ಒಳಗೆ ಒಂಟಿಯಾಗಿ ಸತ್ತವರ ಇಂಥ ಬಾಗಿಲು ಎಷ್ಟೋ ತೆಗೆದಿದ್ದೇನೆ. ಕರೆದವರು ಮೂಗು ಮುಚ್ಚಿಕೊಂಡು ಹಿಂದೆ ನಿಲ್ಲುತ್ತಾರೆ. ಮೊದಲು ಒಳಗೆ ನೋಡುವವನು ನಾನೇ. ನನ್ನದನ್ನು ಯಾರು ತೆಗೆಯುತ್ತಾರೆ? ಭಯ ಆಗುತ್ತಿದೆ. ಸುಳ್ಳು ಯಾಕೆ, ತುಂಬ ಭಯ.

ಮಾರ್ಚ್ 23

ಕೀ ಒಂದು ಮಾಡಿದೆ. ಎದುರು ಮನೆ ಬೆಲ್ ಒತ್ತಿದೆ. ಟೀಚರಮ್ಮ ಸರಪಳಿ ತೆಗೆಯದೆ ಸಂದಿಯಿಂದಲೇ ಮಾತಾಡಿದರು. ವಿಷಯ ಹೇಳಿದೆ. ಮುಖ ಮೆತ್ತಗಾಯಿತು. ಆದರೆ ಕೈ ಹೊರಗೆ ಬರಲಿಲ್ಲ.

"ತಪ್ಪು ತಿಳ್ಕೋಬೇಡಿ. ನಿಮ್ಮ ಕೀ ನಾನಿಟ್ಕೊಂಡ್ರೆ, ನಾವಿಬ್ಬರೂ ಒಂದೇ ಅಂತಾರೆ. ನಾನೂ ಒಂಟಿ ಹೆಂಗಸು. ಇಲ್ಲೇ ಇರ್ಬೇಕಲ್ಲ."

ನಿಜವೇ. ಕೋಪ ಬರಲಿಲ್ಲ. ಅದಕ್ಕೇ ಇನ್ನೂ ಹೆಚ್ಚು ಹೆದರಿಕೆ.

ಮಾರ್ಚ್ 24

ಅಕ್ಕ ಫೋನ್ ಮಾಡಿದ್ದಳು. "ಸಾಕು ಕಣೋ, ಹೊರಟು ಬಾ ನಮ್ಮನೆಗೆ."

"ಈಗ ಬಂದ್ರೆ ಕಳ್ಳ ಓಡಿಹೋದ ಅಂತಾರೆ."

"ಅನ್ಲಿ ಬಿಡು. ಸತ್ತು ಸಾಚಾ ಅನ್ನಿಸ್ಕೋತೀಯಾ?"

ನಕ್ಕೆ. ಅವಳು ನಗಲಿಲ್ಲ. ಶನಿವಾರ ಭಾವನನ್ನು ಕಳಿಸುತ್ತಾಳಂತೆ. ಚಿಲಕ ಬಿಚ್ಚಿಟ್ಟೆ. ಬಿಚ್ಚಿದ ಮೇಲೆ ನಿದ್ದೆ ಹತ್ತಲಿಲ್ಲ. ಮೆಟ್ಟಿಲ ಮೇಲೆ ಯಾರು ಹತ್ತಿದರೂ ನನ್ನ ಬಾಗಿಲಿಗೇ ಬಂದ ಹಾಗೆ.

ಮಾರ್ಚ್ 27, ಮಧ್ಯಾಹ್ನ

ಮತ್ತೆ ಅದೇ. ಎದೆಯಿಂದ ದವಡೆಗೆ. ನಾಲಿಗೆ ಕೆಳಗೆ ಗುಳಿಗೆ ಇಟ್ಟುಕೊಂಡಿದ್ದೇನೆ. ಆಂಬುಲೆನ್ಸ್‌ಗೆ ಹೇಳಿದೆ. "ಗೇಟ್ ತೆಗೆದಿಡೋಕೆ ಹೇಳಿ ಸಾರ್, ಬರ್ತಿದೀವಿ." ಸೆಕ್ರೆಟರಿ ಫೋನ್ ಎತ್ತುತ್ತಿಲ್ಲ. ಮೆಟ್ಟಿಲು ಇಳಿಯಲು ಕಾಲು ಬರುತ್ತಿಲ್ಲ.

ಎದುರು ಬಾಗಿಲವರೆಗೆ ತೆವಳಿ ಹೋದೆ. ಬೆಲ್ ಎಟುಕಲಿಲ್ಲ. ಕೈಗೆ ಸಿಕ್ಕ ಕಡೆ ಕೆರೆದೆ — ಬೀಗದ ಹತ್ತಿರ. ವಾಪಸ್ ನನ್ನ ಹೊಸ್ತಿಲಿಗೇ ಒರಗಿದ್ದೇನೆ. ಬಾಗಿಲು ತೆರೆದೇ ಇದೆ. ಬರೆಯುತ್ತಿದ್ದರೆ ಎದೆ ಕಡೆ ಗಮನ ಹೋಗಲ್ಲ...

ಟೀಚರಮ್ಮ ಮನೆಯಲ್ಲೇ ಇದ್ದಾರೆ. ಬಾಗಿಲಲ್ಲಿ ಇಣುಕುವ ಗಾಜಿನ ಕಣ್ಣು ಕಪ್ಪಾಯಿತು. ನೋಡುತ್ತಿದ್ದಾರೆ. ಕೈ ಎತ್ತಿದೆ.

ಬೀಗ ತಿರುಗಿತು. ತೆಗೆದದ್ದಲ್ಲ. ಎರಡನೇ ಸುತ್ತು ಹಾಕಿಕೊಂಡರು.

ಕೂಗಬೇಕು. ಉಸಿರು ಒಂದು ಮಾತಿಗೆ ಸಾಕಾಗಬಹುದು. ಎದೆ ನೋವು ಅನ್ನಲೋ, ನಾನು ಕದ್ದಿಲ್ಲ ಅನ್ನಲೋ, ಮೊದಲು