ಅರ್ಧ ಭಾಷಣ ಕೇಳಿ ಬಸ್ಸಿಗೆ ಓಡಿದವಳ ಉತ್ತರ

ಬಸ್ಸು ಬಿಡುವ, ಬಿಟ್ಟ ಬಸ್ಸನ್ನು ನಿಲ್ಲಿಸುವ ಅಧಿಕಾರವುಳ್ಳ ಮಾನ್ಯರೇ,

ನಮ್ಮೂರಿಗೆ ರಾತ್ರಿ ಬಂದು ತಂಗುತ್ತಿದ್ದ ಹಾಲ್ಟಿಂಗ್ ಬಸ್ಸನ್ನು ಕಳೆದ ವರ್ಷ ರದ್ದು ಮಾಡಿದವರು ನೀವು. ಮೊನ್ನೆ ಸಾಗರದ ಸಭೆಯಲ್ಲಿ, ಜನ ಇಷ್ಟು ಚೆಂದದ ಊರು ಬಿಟ್ಟು ಆ ದುಬಾರಿ ಬೆಂಗಳೂರಿಗೇ ಯಾಕೆ ಹೋಗಿ ಬೀಳುತ್ತಾರೋ ನನಗಂತೂ ಅರ್ಥವಾಗುವುದಿಲ್ಲ ಎಂದು ಮರುಗಿದವರೂ ನೀವೇ. ಈ ಎರಡು ಸಂಗತಿಗಳಿಗೆ ಏನಾದರೂ ನಂಟಿದ್ದೀತು ಎಂದು ನಿಮಗೆ ಯಾರೂ ಹೇಳಿದಂತಿಲ್ಲ. ಅದಕ್ಕೇ ಈ ಪತ್ರ.

ಮೊದಲಿಗೆ ಒಂದು ಕ್ಷಮೆ ಕೇಳಬೇಕು. ನಿಮ್ಮ ಭಾಷಣವನ್ನು ನಾನು ಕೇಳಿದ್ದು ಅರ್ಧ ಮಾತ್ರ. ಮಧ್ಯಾಹ್ನಕ್ಕೆಂದು ಕರೆದ ಸಭೆ ನಿಮ್ಮ ಕಾರು ಬರುವವರೆಗೆ ಕಾದು ಇಳಿಹೊತ್ತಿಗೆ ಶುರುವಾಯಿತು. ನಿಮಗೆ ಹೊದಿಸಿದ ಶಾಲು ನಾನು ಕೆಲಸ ಮಾಡುವ ಜವಳಿ ಅಂಗಡಿಯದು. ಅದನ್ನು ತಲುಪಿಸಲು ಬಂದವಳು ಹಿಂದಿನ ಸಾಲಿನಲ್ಲಿ ಕೂತೆ. ಬೆಂಗಳೂರಿನ ಬಾಡಿಗೆ, ಕೊಂಡು ಕುಡಿಯುವ ನೀರು, ಹೊಗೆ, ಟ್ರಾಫಿಕ್ಕು ಎಲ್ಲವನ್ನೂ ಸೊಗಸಾಗಿ ವರ್ಣಿಸಿ, ಇಷ್ಟಾಗಿಯೂ ಹೋಗುತ್ತಾರೆಂದರೆ ಅದು ಬರೀ ಶೋಕಿ ಎಂದಿರಿ. ಚಪ್ಪಾಳೆ ಬಿತ್ತು. ಅಷ್ಟರಲ್ಲಿ ನಮ್ಮ ಕಡೆಯ ಕೊನೇ ಬಸ್ಸಿಗೆ ಹೊತ್ತಾಯಿತು. ನನ್ನ ಜೊತೆ ಒಂದು ಸಾಲಿಗೆ ಸಾಲೇ ಎದ್ದದ್ದನ್ನು ಕಂಡು ನಿಮಗೆ ನೋವಾಗಿರಬಹುದು. ಮಾತು ರುಚಿಸದೆ ಎದ್ದವರಲ್ಲ, ಎಲ್ಲರೂ ಬಸ್ಸಿನವರು. ಉಳಿದರ್ಧದಲ್ಲಿ ನೀವು ಹೊಸ ಬಸ್ಸುಗಳನ್ನೇ ಘೋಷಿಸಿದ್ದರೆ ಈ ಪತ್ರವನ್ನು ಇಲ್ಲಿಗೇ ಮಡಚಿಡಿ, ನನ್ನದು ತಪ್ಪಾಯಿತು.

ಅರ್ಧಕ್ಕೆ ಏಳುವುದು ನಮ್ಮಲ್ಲಿ ಅಸಭ್ಯತೆಯಲ್ಲ, ಪದ್ಧತಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನ ಒಳಊರುಗಳಲ್ಲಿ ಸಭೆಯ ವಂದನಾರ್ಪಣೆಯನ್ನು ಕಿವಿಯಾರೆ ಕೇಳಿದವರು ಸಿಕ್ಕರೆ ಅವರಿಗೂ ಒಂದು ಶಾಲು ಹೊದಿಸಬಹುದು. ಮದುವೆಮನೆಯಲ್ಲಿ ಪಾಯಸಕ್ಕೆ ಕಾಯದೆ ಮಜ್ಜಿಗೆ ಸುರಿದುಕೊಂಡು ಏಳುವ ಕಲೆ ನಮಗೆ ಚಿಕ್ಕಂದಿನಿಂದ ಕರಗತ. ರಿಪೋರ್ಟು ಸಂಜೆ ಬರುತ್ತದೆ ಎಂದು ಡಾಕ್ಟರು ಹೇಳಿದರೆ ನಮಗಿರುವ ಕಾಯಿಲೆ ಯಾವುದೆಂದು ಗೊತ್ತಾಗುವುದು ಮಾರನೇ ದಿನ. ನನ್ನ ನಾದಿನಿಯನ್ನು ನೋಡಲು ಬಂದ ಗಂಡಿನ ಕಡೆಯವರು ಒಪ್ಪಿಗೆ ಉಂಟೋ ಇಲ್ಲವೋ ಹೇಳುವ ಮುಂಚೆ ಬಸ್ಸಿಗೆ ಹೊತ್ತಾತು ಎಂದು ಎದ್ದು ಹೊರಟರು. ಅದು ಒಪ್ಪಿಗೆಯ ಮಾತೋ, ಜಾರಿಕೊಳ್ಳುವ ಮಾತೋ, ನಿಜವಾಗಿಯೂ ಬಸ್ಸಿನ ಮಾತೋ ಎಂದು ನಮ್ಮ ಮಾವನವರು ವಾರವಿಡೀ ಊಟ ಬಿಟ್ಟು ಯೋಚಿಸಿದರು. ಬಸ್ಸಿನ ಮಾತೇ ಆಗಿತ್ತು, ಮದುವೆಯಾಯಿತು.

ನಮ್ಮೂರು ಬಿಳಿಕಲ್ಲುಕೊಪ್ಪ. ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆಯಲ್ಲಿ ನಡುವೆ ತಿರುಗಿ ಕಾಡೊಳಗೆ ಬರಬೇಕು. ಪೇಟೆಯ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಹೊರಟು, ರಾತ್ರಿ ಊರಲ್ಲೇ ಉಳಿದು, ಬೆಳಗ್ಗೆ ಮೊದಲ ಟ್ರಿಪ್ಪಿಗೆ ವಾಪಸಾಗುವ ಬಸ್ಸು ಅಲ್ಲಿಗಿತ್ತು. ಗುತ್ತಿಗೆಯ ಮೇಲೆ ಸೇರಿದ್ದ ಸುನಿಲ್ ಎಂಬವನು ಅದರ ಡ್ರೈವರ್. ಊಟ ನಮ್ಮ ಪಕ್ಕದ ಮನೆ ಗುತ್ಯಮ್ಮನಲ್ಲಿ, ನಿದ್ದೆ ಬಸ್ಸಿನಲ್ಲಿ. ಮದುವೆ ಸೀರೆಯ ಗಿರಾಕಿಗಳು ಬಣ್ಣ ಆರಿಸಲಾರದೆ ಕೂತು ನನಗೆ ತಡವಾದರೆ ಅಂಗಡಿ ಎದುರಿಗೇ ಬಂದು ಹಾರನ್ ಹೊಡೆದು ಕಾಯುತ್ತಿದ್ದ. ಆ ಬಸ್ಸಿದೆ ಎಂಬ ಧೈರ್ಯದಲ್ಲೇ ನಾನು ಕೆಲಸಕ್ಕೆ ಸೇರಿದ್ದು. ಸೀರೆ ಬಿಚ್ಚಿ ತೋರಿಸುವುದು, ಸೆರಗು ಹೆಗಲ ಮೇಲೆ ಹಾಕಿ ಕನ್ನಡಿ ಎದುರು ನಿಲ್ಲಿಸುವುದು ನನಗೆ ಬಹಳ ಇಷ್ಟ. ಆ ಕೆಲಸದಲ್ಲಿ ನಾನು ಜೋರು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ.

ಪ್ರಯಾಣಿಕರ ಕೊರತೆ ಎಂಬ ಕಾರಣ ಕೊಟ್ಟು ಬಸ್ಸು ನಿಲ್ಲಿಸಿದಿರಿ. ಕೊರತೆ ಇದ್ದದ್ದು ನಿಜ. ನಿಮ್ಮ ಕಚೇರಿಯವರು ತಲೆ ಎಣಿಸಲು ಬಂದದ್ದು ಯುಗಾದಿಯ ದಿನ, ಸಾಗರದ ಪೇಟೆಯೇ ಮುಚ್ಚಿತ್ತು. ಅವರು ಬಸ್ಸಿನ ಹಿಂದೆ ಜೀಪಿನಲ್ಲಿ ಬಂದರು. ಬಸ್ಸಿನಲ್ಲೇ ಬರಬಹುದಿತ್ತಲ್ಲ ಎಂದು ಗುತ್ಯಮ್ಮ ಕೇಳಿದ್ದಕ್ಕೆ, ಬಂದರೆ ರಾತ್ರಿ ವಾಪಸ್ ಹೋಗುವುದು ಹೇಗಮ್ಮ ಎಂದರಂತೆ. ಸರ್ಕಾರದ ಕಷ್ಟವೂ ನಮ್ಮ ಕಷ್ಟವೂ ಒಂದೇ ಎಂದು ತಿಳಿದು ಗುತ್ಯಮ್ಮನಿಗೆ ಎಷ್ಟೋ ಸಮಾಧಾನವಾಯಿತು. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲವೆಂದು ನೀವು ಸಭೆಯಲ್ಲಿ ನೆನಪಿಸಿದಿರಿ, ಉಪಕಾರವಾಯಿತು. ಊಟ ಪುಕ್ಕಟೆ, ಎಲೆ ಮಾತ್ರ ಹಾಕುವುದಿಲ್ಲ ಎಂಬಂತಾಗಿದೆ ನಮ್ಮ ಗತಿ. ಸಂಜೆ ಸಾಗರದ ಪೇಟೆಯಲ್ಲಿ ಒಮ್ಮೆ ನಿಂತು ನೋಡಿ. ಬೆಂಗಳೂರಿಗೆ ಹೋಗುವ ಬಸ್ಸುಗಳು ಪರದೆ, ಹಾಸಿಗೆ, ಹೊದಿಕೆ ಸಮೇತ ಸಾಲುಗಟ್ಟಿ ಕರೆಯುತ್ತಿರುತ್ತವೆ. ಮಲಗಿಕೊಂಡು ಬೆಂಗಳೂರಿಗೆ ಹೋಗಬಹುದು, ನಿಂತುಕೊಂಡು ನಮ್ಮೂರಿಗೆ ಹೋಗಲಾಗುವುದಿಲ್ಲ. ಇನ್ನು ಜನ ಯಾವ ಕಡೆ ಹೋಗುತ್ತಾರೆ ಎನ್ನುವುದು ಅಷ್ಟೊಂದು ಗಹನವಾದ ಪ್ರಶ್ನೆಯೇ?

ಬಸ್ಸು ಹೋದ ಮೇಲೆ ನನ್ನನ್ನು ಕರೆತರುವುದು ನನ್ನ ಗಂಡ ಪೂರ್ಣೇಶ್ ಪಾಲಿಗೆ ಬಂತು. ಅವರು ಪೇಂಟರ್, ಮನೆಗಳಿಗೆ ಬಣ್ಣ ಬಳಿಯುತ್ತಿದ್ದರು. ಹಗಲೆಲ್ಲ ಏಣಿ ಹತ್ತಿ ಇಳಿದವರು ಸಂಜೆ ಬೈಕು ಹತ್ತಿ ಸಾಗರಕ್ಕೆ ಬರುತ್ತಿದ್ದರು. ಆರಿದ್ರಾ ಮಳೆ ಹಿಡಿದಿದ್ದ ಒಂದು ಸಂಜೆ ಬರಲಿಲ್ಲ. ಮುಚ್ಚಿದ ಶಟರಿನ ಕೆಳಗೆ ನಿಂತು ಫೋನು ಮಾಡಿ ಮಾಡಿ ಸೋತೆ. ಮಳೆ ಬಂತೆಂದರೆ ನಮ್ಮಲ್ಲಿ ಮೊದಲು ಮಲಗುವುದೇ ಟವರ್. ಬೆಂಗಳೂರಿನ ಬಸ್ಸುಗಳು ನನ್ನೆದುರೇ ಒಂದಾದ ಮೇಲೊಂದು ಹೊರಟುಹೋದವು. ಅಷ್ಟು ಹೊತ್ತಿಗೆ ಇವರು ತಿರುವಿನಲ್ಲಿ ಕಾಡುಕೋಣ ಅಡ್ಡ ಬಂದು, ಚರಂಡಿಗೆ ಬಿದ್ದು, ಬೈಕಿನ ಅಡಿಯಲ್ಲಿ ಮಲಗಿದ್ದರು. ಹಾಲಿನ ವ್ಯಾನಿನವರು ಕಂಡು ಆಸ್ಪತ್ರೆಗೆ ತಂದರು. ಕಾಲಿಗೆ ರಾಡು ಹಾಕಿದ್ದಾರೆ. ಈಗ ನಡೆಯುತ್ತಾರೆ, ಏಣಿ ಹತ್ತುವಂತಿಲ್ಲ. ಕಾಡುಕೋಣದ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅದು ತನ್ನ ಪಾಡಿಗೆ ಮನೆಗೆ ಹೋಗುತ್ತಿತ್ತು. ನಿಮ್ಮ ಮೇಲೆ ಸಿಟ್ಟಿದೆ.

ಅಲ್ಲಿಂದ ಮುಂದೆ ನಾನು ಈಗ ಕೊನೆಯದಾಗಿ ಉಳಿದ ಸಂಜೆಯ ಬಸ್ಸಿಗೇ ಅಂಗಡಿಯಿಂದ ಎದ್ದು ಬರತೊಡಗಿದೆ. ಸೀರೆ ವ್ಯಾಪಾರ ಕುದುರುವುದು ದೀಪ ಹಚ್ಚಿದ ಮೇಲೆ. ಗಿರಾಕಿಯ ಹೆಗಲ ಮೇಲೆ ಸೆರಗು ಹಾಗೇ ಬಿಟ್ಟು ಓಡುವವಳನ್ನು ಯಾವ ಧಣಿ ಇಟ್ಟುಕೊಂಡಾರು? ನಮ್ಮ ಧಣಿಗಳು ಒಳ್ಳೆಯವರು, ಒಂದು ವರ್ಷ ಸೈರಿಸಿದರು. ಆಮೇಲೆ ಕರೆದು, ಬೆಂಗಳೂರಿನಲ್ಲಿ ತಮ್ಮ ಭಾವನ ಅಂಗಡಿಗೆ ಕೈ ಪಳಗಿದವರು ಬೇಕಾಗಿದ್ದಾರೆ, ಪೂರ್ಣೇಶನಿಗೂ ಕೂತು ಮಾಡುವ ಬಿಲ್ಲಿನ ಕೆಲಸ ಕೊಡಿಸುತ್ತೇನೆ ಎಂದರು. ಸಾಗರದಲ್ಲೇ ಬಾಡಿಗೆ ಮನೆ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹುಡುಕಿದೆವು. ಜೋಗ ನೋಡಲು ಬಂದವರಿಗೆ ಒಂದು ದಿನಕ್ಕೆ ಮನೆ ಸಿಗುತ್ತದೆ, ವರ್ಷವಿಡೀ ಇರುವವರಿಗೆ ಸಿಗುವುದಿಲ್ಲ. ಸಿಕ್ಕ ಒಂದೆರಡರ ಬಾಡಿಗೆ ಆಗಲೇ ಬೆಂಗಳೂರಿನ ಹಾದಿ ಹಿಡಿದಿತ್ತು, ಸಂಬಳ ಮಾತ್ರ ಸಾಗರದಲ್ಲೇ ಕೂತಿತ್ತು.

ಹೀಗಾಗಿ ಅಂಗಡಿ ನೋಡಿ ಬರಲು ನಾವಿಬ್ಬರೂ ಬೆಂಗಳೂರಿಗೆ ಹೋದೆವು. ಉಳಿದುಕೊಂಡದ್ದು ಸುನಿಲನ ಮನೆಯಲ್ಲಿ. ಹೌದು, ನಮ್ಮ ಬಸ್ಸಿನ ಸುನಿಲನೇ. ನೀವು ರೂಟು ರದ್ದು ಮಾಡಿದಾಗ ಅವನ ಕೆಲಸವೂ ರದ್ದಾಯಿತಲ್ಲ, ಈಗ ಅಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯ ಬಸ್ಸು ಓಡಿಸುತ್ತಾನೆ. ಕತ್ತಲಾದ ಮೇಲೆ ಹೆಂಗಸರನ್ನು ಅವರವರ ಮನೆ ಹತ್ತಿರ ಇಳಿಸುವುದು ಅವನ ಕೆಲಸ. ಬೆಂಗಳೂರನ್ನು ಹೊಗಳಲು ನಾನು ಬರೆಯುತ್ತಿಲ್ಲ. ಅವನ ಮನೆ ನಮ್ಮ ಬಚ್ಚಲಿಗಿಂತ ಸ್ವಲ್ಪ ದೊಡ್ಡದು, ಬಾಡಿಗೆ ದುಡಿಮೆಯ ಅರ್ಧ ನುಂಗುತ್ತದೆ, ಪಕ್ಕದ ಮನೆಯವರು ಕೆಮ್ಮಿದರೆ ಇವರ ಮನೆಯ ಮಗು ಏಳುತ್ತದೆ. ನೀವು ಹೇಳಿದ್ದೆಲ್ಲ ಅಕ್ಷರಶಃ ನಿಜ.

ಆ ದಿನ ಸಂಜೆ ಅವನ ಪರಿಚಯದವರದೊಂದು ಮದುವೆ ರಿಸೆಪ್ಷನ್ ಇತ್ತು, ನಮ್ಮನ್ನೂ ಕರೆದುಕೊಂಡು ಹೋದ. ಹೊರಗೆ ಕತ್ತಲಾಗುತ್ತಿದ್ದ ಹಾಗೆ ನಾನೂ ನನ್ನ ಗಂಡನೂ ಒಂದೇ ಸಲ ಕುರ್ಚಿಯಿಂದ ಎದ್ದೆವು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ವಧುವರರು ಇನ್ನೂ ವೇದಿಕೆಗೇ ಬಂದಿರಲಿಲ್ಲ. ಎಲ್ಲಿಗೆ ಎಂದು ಸುನಿಲನ ಹೆಂಡತಿ ಕೇಳಿದಾಗ ನನ್ನ ಬಾಯಿಗೆ ಬಂದದ್ದು ಬಸ್ಸಿಗೆ ಹೊತ್ತಾತು ಎಂಬ ಮಾತು. ಅವಳು ನಕ್ಕು ನಕ್ಕು ಸುಸ್ತಾದಳು. ನಾಚಿಕೊಂಡು ಕೂತೆವು. ಅವತ್ತು ಪಾಯಸ ಎರಡು ಸಲ ಹಾಕಿಸಿಕೊಂಡೆ. ಊಟ ಮುಗಿಸಿ ಸ್ಟಾಪಿಗೆ ಬರುವಷ್ಟರಲ್ಲಿ ಬಸ್ಸು ಹೊರಡುತ್ತಿತ್ತು. ಇವರ ಕಾಲನ್ನೂ ಮರೆತು ಓಡಿದೆ, ಸಿಗಲಿಲ್ಲ. ಸುನಿಲ ಹಿಂದಿನಿಂದ ಆರಾಮಾಗಿ ನಡೆದು ಬಂದವನು, "ಎಂತಕ್ಕೆ ಓಡ್ತೀರಿ ಅಕ್ಕ, ಇನ್ನೊಂದು ಬರ್ತದೆ" ಎಂದ.

ಬಂತು. ಸುಮ್ಮನೆ ಬಂತು, ಯಾರ ಕೈಕಾಲೂ ಹಿಡಿಯದೆ ಬಂತು. ಕಿಟಕಿ ಪಕ್ಕ ಕೂತವಳಿಗೆ ಅಳು ತಡೆಯಲಾಗಲಿಲ್ಲ. ಇದೇ ನೋಡಿ ಮಾನ್ಯರೇ, ನೀವು ಹೇಳಿದ ಶೋಕಿ. ತಪ್ಪಿದ ಬಸ್ಸಿನ ಹಿಂದೆ ಇನ್ನೊಂದು ಬಸ್ಸು ಬರುವುದು. ಹೆಂಗಸೊಬ್ಬಳು ಕೆಲಸ ಮುಗಿಸಿ, ಯಾರ ಪ್ರಾಣವನ್ನೂ ಪಣಕ್ಕಿಡದೆ ರಾತ್ರಿ ಮನೆ ಸೇರುವುದು. ಅಲ್ಲಿ ಜನ ಕೊಡುವ ಬಾಡಿಗೆ ಆ ಬಚ್ಚಲಿನಷ್ಟು ಜಾಗಕ್ಕಲ್ಲ, ಇದಕ್ಕೆ. ದುಬಾರಿಯೇ, ಒಪ್ಪಿದೆ. ಆದರೆ ಇದನ್ನು ಬೇರೆ ಕಡೆ ಮಾರುವುದನ್ನು ನೀವು ನಿಲ್ಲಿಸಿದ್ದೀರಿ.

ಪೂರ್ಣೇಶ್‌ಗೆ ಅಲ್ಲಿ ಇರುವ ಮನಸ್ಸಿಲ್ಲ. ಊರಿಗೆ ಬಂದ ಮೂರನೇ ದಿನ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ, "ನಂಗೆ ಅಲ್ಲಿ ಆಗದಿಲ್ಲ. ನೀನು ಇಲ್ಲಿ ಸುಮ್ನೆ ಕೂತ್ರೆ ನಿಂಗೂ ಆಗದಿಲ್ಲ. ಹೋಗನ, ಎಂತ ಮಾಡದು" ಎಂದರು. ನನಗಾಗಿ ಅಂದ ಮಾತು ಅದು. ನನಗೆ ಸಂಕಟವಾಯಿತು, ಬೇಡ ಎನ್ನಲಿಲ್ಲ.

ವಿಷಯ ತಿಳಿದ ಗುತ್ಯಮ್ಮ ಬಂದು ಜಗಲಿಯ ಮೇಲೆ ಕೂತಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ. "ಬಸ್ಸು ಮತ್ತೆ ಬಿಟ್ರೆ ಬರ್ತೀಯನೇ?"

ಬರ್ತೀನಿ ಎನ್ನಲು ಬಾಯಿ ತೆರೆದೆ. ಗಿರಾಕಿಗೆ ಒಪ್ಪದ ಸೀರೆಯನ್ನೂ ಮಾತಿನಲ್ಲಿ ಒಪ್ಪಿಸುವವಳು ನಾನು, ಗುತ್ಯಮ್ಮನ ಎದುರು ಒಂದು ಸುಳ್ಳು ಹೇಳಲಾರದೆ ಹೋದೆ.

ಆದ್ದರಿಂದ ನನ್ನ ಬೇಡಿಕೆಯನ್ನು ನೇರವಾಗಿ ಹೇಳುತ್ತೇನೆ. ಸಮೀಕ್ಷೆ ಬೇಡ, ಸಮಿತಿ ಬೇಡ, ಮರಳಿ ಊರಿಗೆ ಎಂಬ ಬ್ಯಾನರೂ ಬೇಡ. ಬಿಳಿಕಲ್ಲುಕೊಪ್ಪದ ಹಾಲ್ಟಿಂಗ್ ಬಸ್ಸನ್ನು ಮೊದಲಿನ ಹೊತ್ತಿಗೇ ಮತ್ತೆ ಬಿಡಿ. ಸಾಮಾನು ಸಾಗಿಸುವ ಗಾಡಿಗೆ ಹೇಳಿಯಾಗಿದೆ, ಆಯುಧಪೂಜೆ ಕಳೆದ ಮಾರನೇ ದಿನ ಬರುತ್ತದೆ. ಅದಕ್ಕೂ ಮೊದಲು ಬಸ್ಸು ಬಂದರೆ ಗಾಡಿ ಬೇಡ ಎನ್ನುತ್ತೇನೆ, ಪೂರ್ಣೇಶ್ ಇಲ್ಲೇ ಉಳಿಯುತ್ತಾರೆ. ಆಮೇಲೆ ಬಿಟ್ಟರೂ ಬಿಡಿ, ಊರಲ್ಲಿ ಕೆಲಸಕ್ಕೆ ಹೋಗಬೇಕೆನ್ನುವ ಬೇರೆ ಹೆಂಗಸರಿದ್ದಾರೆ. ಆದರೆ ಆ ಬಸ್ಸಿನಲ್ಲಿ ನಾನಿರುತ್ತೇನೆ ಎಂದು ಮಾತು ಕೊಡಲಾರೆ. ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಓಡದೆ ನಡೆದು ಮನೆ ಸೇರುವುದು ನನಗೆ ರೂಢಿಯಾಗುವ ಮೊದಲು ಬಸ್ಸು ಬಿಡಿ.

ಇಂತಿ,
ಸದ್ಯಕ್ಕೆ ಬಿಳಿಕಲ್ಲುಕೊಪ್ಪದವಳು,
ಸುಚಿತ್ರಾ