ಹಳದಿ ದ್ರಾವಣದ ಮುಚ್ಚಳ

ಶೋಲ್ಪಾನ್ ಅಕ್ಕಾ,

ನೀವು ತೀರಿಕೊಂಡು ಎರಡು ಚಳಿಗಾಲ ಕಳೆದವು, ಇದನ್ನು ಎಲ್ಲಿಗೆಂದು ಕಳಿಸಲಿ? ಆದರೂ ಹೇಳಬೇಕು.

ಬೆಳಿಗ್ಗೆ ಒಸ್ಕೆಮೆನ್ ಊರಿನ ನಮ್ಮ ಅದೇ ಪ್ರಯೋಗಾಲಯಕ್ಕೆ ಕಾಲಿಟ್ಟರೆ, ಹಳದಿ ದ್ರಾವಣದ ಪ್ಲಾಸ್ಟಿಕ್ ಬಾಟಲಿ ಉಬ್ಬಿ ನಿಂತಿತ್ತು. ನೀರಿಗೆ ಬಗ್ಗದ ಟೈಟಾನಿಯಂ ಲೋಹವು ಪೆರಾಕ್ಸೈಡ್, ಅಮೋನಿಯಾಗಳಲ್ಲಿ ಕರಗಿ, ಮುಂದೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳಾಗಬೇಕಾದ ದ್ರಾವಣ. ಅದು ಅನಿಲ ಬಿಡುತ್ತಲೇ ಇರುತ್ತದೆ, ಮುಚ್ಚಳ ಸಡಿಲವಿರಬೇಕು. ಹೊಸ ವಿದ್ಯಾರ್ಥಿನಿ ತೋಗ್ಜಾನ್ ಬಿಗಿದುಬಿಟ್ಟಿದ್ದಳು.

"ಅಮೋನಿಯಾ ವಾಸ್ನೆ ತಡಿಯಕ್ಕಾಗ್ಲಿಲ್ಲ ಅಕ್ಕಾ. ಕಿಟಕಿ ತೆಗ್ಯೋಣ ಅಂದ್ರೆ ಹೊರಗೆ ಮೈನಸ್ ಮೂವತ್ತು!"

"ಓಡ್ಬೇಡ, ಬಾಗ್ಲು ಬಡೀಬೇಡ. ಅಂಗಳದಿಂದ ಒಂದು ಬಕೆಟ್ ಹಿಮ ತಂದು ಹೊಸ್ತಿಲಲ್ಲೇ ಇಟ್ಟು ಹೋಗು."

ನೀವು ಕಲಿಸಿದಂತೆಯೇ ಬಾಟಲಿಯ ಸುತ್ತ ಹಿಮ ಒಟ್ಟಿ, ತಣ್ಣಗಾಗುವವರೆಗೆ ದೂರ ನಿಂತು ಕಾದೆ. ಮುಖಕ್ಕೆ ಕವಚ ಹಾಕಿಕೊಂಡು ಮುಚ್ಚಳವನ್ನು ಕೂದಲೆಳೆಯಷ್ಟು ತಿರುಗಿಸಿದೆ. ಬುಸ್ಸೆಂದಿತು. ಆ ಸದ್ದಿಗೆ ನನ್ನ ಎಡಗೈ ತಾನಾಗಿಯೇ ಎಡಗಣ್ಣಿಗೆ ಅಡ್ಡ ಬಂತು; ನಿಮಗೆ ಹೋದದ್ದೂ ಅದೇ ಕಣ್ಣು.

ಆಮೇಲೆ ಒಳಗೆ ಬಂದ ತೋಗ್ಜಾನ್, ಬಾಟಲಿಗಳ ಹಿಂದೆ ಮರೆಯಾಗಿದ್ದ ನಿಮ್ಮ ಚೀಟಿ ಓದಿದಳು. 'ಮುಚ್ಚಳ ಬಿಗಿಯಬೇಡಿ.' ಒಂದೇ ಕಣ್ಣು ಉಳಿದ ಮೇಲೆ ಬರೆದದ್ದು, ಸಾಲು ಕೆಳಕ್ಕೆ ಜಾರಿದೆ.

"ಅವ್ರ ಕಣ್ಣು ಹೋದಾಗ ಮುಚ್ಚಳ ಬಿಗ್ದಿದ್ದು ಯಾರಕ್ಕಾ? ಅವ್ರೇನಾ?"

ಇಲ್ಲಿ ಎಲ್ಲರೂ ಹಾಗೆಂದೇ ನಂಬಿದ್ದಾರೆ. ನನ್ನ ಹೆಸರು ಬರದಿರಲೆಂದು ನೀವೇ ಹಾಗೆ ಹೇಳಿದ್ದಿರಿ.

"ಮೊದ್ಲು ಕೈ ತೊಳ್ಕೋ ಹೋಗು" ಅಂದೆ.