ಎರಡು ಕೈ ಬೇಕಾಗುವ ಪುಸ್ತಕ

ನವೆಂಬರ್ 4, ಸೋಮವಾರ

ಮತ್ತೆ ಅದೇ ಕುರ್ಚಿ. ಎಡಗೈ ಡಯಾಲಿಸಿಸ್ ಯಂತ್ರಕ್ಕೆ ಅರ್ಪಣೆ, ಅಲ್ಲಾಡಿಸುವಂತಿಲ್ಲ. ನನ್ನ ಬಲಕ್ಕೆ ರೊಸಾಲ್ಬಾ. ಅವಳ ಬಲಗೈಗೆ ಸೂಜಿ, ಎಡಗೈ ಬಿಡುವು. ನನ್ನದೊಂದು, ಅವಳದೊಂದು — ಎರಡು ಕೈ ಸೇರಿ ಒಂದು ನಾಟಕದ ಪುಸ್ತಕ ಹಿಡಿಯುತ್ತೇವೆ. ರಾಜನ ಮಾತು ನನ್ನದು, ಉಳಿದ ಸಮಸ್ತ ಪಾತ್ರವರ್ಗ ಅವಳದು. ಇವತ್ತು ಪುಸ್ತಕದ ಬೆನ್ನು ಮುರಿಯಿತು. ಎರಡನೇ ಅಂಕ ಪೂರ್ತಿ ನೆಲದ ಪಾಲು.

ನರ್ಸ್ ಮರಿವಿಕ್ ಹಾಳೆ ಆಯುತ್ತ ಅಂದಳು: "ತಾತ, ಟ್ಯಾಬ್ಲೆಟ್ ತಗೊಳ್ಳಿ, ಇಲ್ಲಾಂದ್ರೆ ಇ-ರೀಡರ್ ತಗೊಳ್ಳಿ. ಒಂದು ಕೈ ಸಾಕು."

ಒಂದು ಕೈ ಸಾಕಂತೆ. ಯಾರಿಗೆ ಬೇಕಾಗಿದೆ ಆ ಸಾಕು...

ನವೆಂಬರ್ 6, ಬುಧವಾರ

ಲೈಬ್ರರಿಯಿಂದ ಇ-ರೀಡರ್ ಎರವಲು ತಂದೆ. ನಿಜ ಹೇಳಬೇಕು — ಸುಖ. ಒಣಗಿದ ರೈ ರೊಟ್ಟಿಯಷ್ಟು ಹಗುರ. ಅಕ್ಷರ ಬೇಕಾದಷ್ಟು ದೊಡ್ಡದು. ಟ್ಯೂಬ್‌ಲೈಟಿನ ಕೆಳಗೂ ಕಣ್ಣಿಗೆ ಹೊಡೆಯುವುದಿಲ್ಲ. ಹೆಬ್ಬೆರಳು ಒತ್ತಿದರೆ ಪುಟ ಹೊರಳುತ್ತದೆ. ಒಬ್ಬನಿಗೇ ಅಳತೆ ತೆಗೆದು ಹೊಲಿದ ಅಂಗಿ.

ರೊಸಾಲ್ಬಾ ಕತ್ತು ಚಾಚಿ ನೋಡಿದಳು. "ಇಷ್ಟು ಚಿಕ್ಕದರಲ್ಲಿ ನನಗೇನು ಕಾಣುತ್ತೆ ಮಾರಾಯ. ನೀನು ಓದ್ಕೋ. ನಾನು ಸೀಲಿಂಗ್ ಓದ್ತೀನಿ."

"ಗಟ್ಟಿಯಾಗಿ ಓದಲಾ?"

"ಬೇಡಪ್ಪ. ನಿನ್ನ ಗಂಟಲಿಗೆ ಶವಾಗಾರದಲ್ಲಿರೋರೂ ಎದ್ದು ಬಂದು ಟಿಕೆಟ್ ಕೇಳ್ತಾರೆ."

ಅವಳ ಎಡಗೈ ಕಂಬಳಿಯ ಮೇಲೆ ಸುಮ್ಮನೆ ಬಿದ್ದಿತ್ತು. ಸುಖವಾಗಿ ಓದಿದೆ. ಒಂದಕ್ಷರವೂ ಒಳಗಿಳಿಯಲಿಲ್ಲ.

ನವೆಂಬರ್ 7, ಗುರುವಾರ

ಅಂಗಡಿಗೆ ಹೋದೆ. ಮಾರುವ ಹೆಂಗಸು ಒಳ್ಳೆಯವಳು. "ಬರೀ ಓದೋದಕ್ಕಾ? ಹಾಗಾದ್ರೆ ಇ-ರೀಡರ್ ತಗೊಳ್ಳಿ ಸರ್. ಟ್ಯಾಬ್ಲೆಟ್ ಕಣ್ಣು ಉರಿಸುತ್ತೆ. ಭಾರ ಬೇರೆ. ಒಂದೇ ಕೈಲಿ ತುಂಬ ಹೊತ್ತು ಹಿಡಿಯೋಕಾಗಲ್ಲ."

"ಖಂಡಿತ ಆಗಲ್ವಾ?"

"ಆಗಲ್ಲ ಸರ್."

"ಅದಕ್ಕಿಂತ ಭಾರದ್ದು ಇದ್ಯಾ?"

ಇತ್ತು. ಹಲಗೆಯಂಥದ್ದು, ಸುತ್ತ ದಪ್ಪ ರಬ್ಬರಿನ ಕವಚ. ಕಟ್ಟಿಸಿಕೊಂಡು ಬಂದೆ.

ನವೆಂಬರ್ 8, ಶುಕ್ರವಾರ

ತೆರೆ ಸರಿಯಿತು. ಟ್ಯಾಬ್ಲೆಟ್ಟಿನ ರಂಗಪ್ರವೇಶ. ಎತ್ತಿದೆ, ಕೈ ನಡುಗಿತು — ಅರ್ಧ ನಟನೆ, ಅರ್ಧ ನಿಜ.

"ಕೊಡಿಲ್ಲಿ, ಬೀಳಿಸ್ತೀಯ," ಎಂದು ರೊಸಾಲ್ಬಾ ಆ ತುದಿ ಹಿಡಿದಳು. ಯಂತ್ರಕ್ಕೆ ರಕ್ತ ಕೊಟ್ಟವರ ಬೆರಳುಗಳು ಎಷ್ಟು ತಣ್ಣಗಿರುತ್ತವೆ. ಊರಿನ ಫಿನ್ನಿಶ್ ಸಂಘದ ಸಭಾಂಗಣದಲ್ಲಿ ನಾಟಕವಾಡುತ್ತ ಎಷ್ಟು ನಾಯಕಿಯರ ಕೈ ಹಿಡಿದಿಲ್ಲ ನಾನು. ಬರೆದುಕೊಟ್ಟಿದ್ದರು, ಹಿಡಿದೆ. ಇದಕ್ಕೆ ಬರೆದುಕೊಟ್ಟವರಿಲ್ಲ. ನನ್ನ ಕಿರುಬೆರಳಿಗೂ ಅವಳದಕ್ಕೂ ನಡುವೆ ಒಂದು ಬೆರಳಿನ ಜಾಗ...

ರಾಜ ಬಾಯಿ ತೆರೆಯುವಷ್ಟರಲ್ಲಿ ಮರಿವಿಕ್ ಬಂದಳು. ಚಕ್ರದ ಕಬ್ಬಿಣದ ಸ್ಟ್ಯಾಂಡ್ ತಳ್ಳಿಕೊಂಡು. "ಯಾಕೆ ಕಷ್ಟ ಪಡ್ತೀರಿ ಇಬ್ರೂ?" ಟ್ಯಾಬ್ಲೆಟ್ಟನ್ನು ಅದಕ್ಕೆ ಸಿಕ್ಕಿಸಿದಳು. ಹೋದಳು. ಖಳನಾಯಕರು ಎಷ್ಟು ಪ್ರೀತಿಯಿಂದ ನಗುತ್ತಾರೆ.

ನವೆಂಬರ್ 20, ಬುಧವಾರ

ಬರೆಯಲು ಮನಸ್ಸಿರಲಿಲ್ಲ. ನಾಟಕ ಮುಕ್ಕಾಲು ಮುಗಿಯಿತು. ಸ್ಟ್ಯಾಂಡ್ ಹಿಡಿಯುತ್ತದೆ, ನಾವು ಓದುತ್ತೇವೆ. ಅವಳ ಕೈ ಅಲ್ಲಿ, ನನ್ನದು ಇಲ್ಲಿ. ಕೇಳಬೇಕೆನಿಸುತ್ತದೆ. ಏನಂತ ಕೇಳುವುದು? ಕಣ್ಣು ಉರಿಯುತ್ತದೆ, ಮಾರುವವಳು ಹೇಳಿದಂತೆಯೇ.

ನವೆಂಬರ್ 22, ಶುಕ್ರವಾರ

ಸ್ಟ್ಯಾಂಡ್ ಇಲ್ಲ. ಮರಿವಿಕ್ ಹುಡುಕಾಡಿದಳು.

"ಕಿಟಕಿ ಪಕ್ಕದ ಮುದುಕನಿಗೆ ಕೊಟ್ಟುಬಿಟ್ಟೆ," ಅಂದಳು ರೊಸಾಲ್ಬಾ. "ಅವನಿಗೆ ಹಾಕಿ ಮ್ಯಾಚ್ ನೋಡ್ಬೇಕಂತೆ."

"ಅವರು ಕೇಳಿದ್ರಾ?"

"ಕೇಳೋದಕ್ಕೆ ಮುಂಚೆನೇ ಕೊಟ್ಟೆ."

ಆಮೇಲೆ ನನ್ನ ಕಡೆ ತಿರುಗಿ, "ಏನು ನೋಡ್ತಿದೀಯ, ಎತ್ತು. ರಾಜ ಅಂತೆ ರಾಜ."

ಎತ್ತಿದೆ. ಹಿಡಿದಳು. ಈ ಸಲ ನಡುವೆ ಜಾಗ ಬಿಡಲಿಲ್ಲ. ಇವತ್ತಿನ ಮೊದಲ ಪುಟ ಓದಿದೆವು, ನಾನು ರಾಜ, ಅವಳು ಸಮಸ್ತರು. ಆ ದಪ್ಪ ಕವಚದಿಂದ ಹೆಬ್ಬೆರಳು ತೆರೆಗೆ ಎಟಕುವುದಿಲ್ಲ. ಪುಟ ಹೊರಳಿಸಬೇಕಾದರೆ ಇಬ್ಬರಲ್ಲಿ ಒಬ್ಬರು ಕೈ ಬಿಡಬೇಕು. ನಾನು ಬಿಡಲಿಲ್ಲ. ಕಾದೆ. ಅವಳೂ ಬಿಡಲಿಲ್ಲ. ಯಂತ್ರ ನಿಲ್ಲುವವರೆಗೂ ಅದೇ ಪುಟ. ಅದರಲ್ಲಿ ಏನಿತ್ತು ಎಂದು ಈಗ ಯಾರಾದರೂ ಕೇಳಿದರೆ —